ಹಾವೇರಿ ಪ್ರದೇಶ: ಆಡಳಿತ ವಿಭಾಗಗಳ ಹಿನ್ನೆಲೆ

1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡ ನಂತರ ಹಾವೇರಿ, ರಾಣೆಬೆನ್ನೂರು ಹಾಗೂ ಬ್ಯಾಡಗಿ ಪ್ರದೇಶಗಳು ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಒಳಪಟ್ಟು, ಮುಂದೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಭಾಗಗಳಾದವು. 1836ರಲ್ಲಿ ಬೆಳಗಾವಿಯು ಈ ಜಿಲ್ಲೆಯಿಂದ ಬೇರ್ಪಟ್ಟಿತು.

1884ರ ಗ್ಯಾಸೆಟಿಯರ್ ಪ್ರಕಾರ ಧಾರವಾಡ ಜಿಲ್ಲೆಯಲ್ಲಿ 11 ತಾಲ್ಲೂಕುಗಳಿದ್ದವು. ಅವುಗಳಲ್ಲಿ ರಾಣೆಬೆನ್ನೂರು ಒಂದಾಗಿತ್ತು. ಹಾವೇರಿಯು ಕರಜಗಿ ತಾಲ್ಲೂಕಿಗೆ ಸೇರಿತ್ತು. ಬ್ಯಾಡಗಿ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಹಿರೇಕೆರೂರು ಕೋಡ ತಾಲ್ಲೂಕಿನ ಕೇಂದ್ರವಾಗಿತ್ತು.

ದಿನಾಂಕ 1-11-1956ರಂದು ಧಾರವಾಡ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಈ ಜಿಲ್ಲೆಯನ್ನು ವಿಭಜಿಸಿ ಹಾವೇರಿ ಜಿಲ್ಲೆಯನ್ನು ರಚಿಸಲಾಯಿತು.

ಆದ್ದರಿಂದ ಒಂದೇ ಗ್ರಾಮದ ಹೆಸರು ಹಳೆಯ ದಾಖಲೆಗಳಲ್ಲಿ ಬೇರೆ ತಾಲ್ಲೂಕು, ಜಿಲ್ಲೆಗಳಡಿ ಕಂಡುಬರಬಹುದು. ಹಳೆಯ ದಾಖಲೆಗಳ ನಕಲು ಕೋರುವ ಅರ್ಜಿದಾರರು ಗ್ರಾಮದ ಹೆಸರಿನೊಂದಿಗೆ ಅಂದಿನ ತಾಲ್ಲೂಕು ಹಾಗೂ ಜಿಲ್ಲೆಯ ಹೆಸರನ್ನೂ ನಮೂದಿಸುವುದು ಸೂಕ್ತ.