ರಾಕೆಟ್ ಮಾರ್ಗದರ್ಶಕ ಗಣಕಯಂತ್ರ

ರಾಕೆಟ್ ಮಾರ್ಗದರ್ಶಕ ಗಣಕಯಂತ್ರವು ಉಡಾವಣಾ ವಾಹನ, ಕ್ಷಿಪಣಿ ಅಥವಾ ಬಾಹ್ಯಾಕಾಶ ನೌಕೆಯೊಳಗೆ ಇದ್ದುಕೊಂಡು, ಹಾರಾಟದ ವೇಳೆಯಲ್ಲೇ ಅದರ ಸ್ಥಾನ ಮತ್ತು ವೇಗಗಳನ್ನು ಲೆಕ್ಕಹಾಕಿ ಪಥವನ್ನು ತಿದ್ದುವ ಸಾಧನವಾಗಿದೆ. ವಾಹನ ಎತ್ತ ತಿರುಗುತ್ತಿದೆ ಎಂಬುದನ್ನು ಗೈರೋಸ್ಕೋಪ್‌ಗಳೂ, ವೇಗ ಹೇಗೆ ಬದಲಾಗುತ್ತಿದೆ ಎಂಬುದನ್ನು ವೇಗೋತ್ಕರ್ಷ ಮಾಪಕಗಳೂ ತಿಳಿಸುತ್ತವೆ. ಹೊರಗಿನ ಯಾವ ಸಂಕೇತದ ನೆರವೂ ಇಲ್ಲದೆ ನಡೆಯುವ ಈ ವಿಧಾನಕ್ಕೆ ಜಡತ್ವ ಮಾರ್ಗದರ್ಶನ ಎಂದು ಹೆಸರು.

ಹಿನ್ನೆಲೆ

18ನೆಯ ಶತಮಾನದ ಮೈಸೂರು ರಾಕೆಟ್‌ಗಳಲ್ಲಿ ಕಬ್ಬಿಣದ ಕೊಳವೆಗೆ ಕಟ್ಟಿದ ಉದ್ದನೆಯ ಬಿದಿರಿನ ಕೋಲು ಹಾರಾಟಕ್ಕೆ ಸ್ಥಿರತೆ ಕೊಡುತ್ತಿತ್ತು. ಗುರಿಯ ದೂರಕ್ಕೆ ತಕ್ಕ ಕೋನವನ್ನು ಹಾರಿಸುವವನೇ ಅಂದಾಜು ಮಾಡಬೇಕಿತ್ತು; ಒಮ್ಮೆ ಹಾರಿದ ಮೇಲೆ ತಿದ್ದುವ ಉಪಾಯವಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಬಳಸಿದ ವಿ-2 ಕ್ಷಿಪಣಿಯಲ್ಲಿ ಗೈರೋಸ್ಕೋಪ್‌ಗಳ ಸಂಕೇತಗಳನ್ನು ಸಂಯೋಜಿಸುವ ಅನಲಾಗ್ ವಿದ್ಯುನ್ಮಂಡಲವಿತ್ತು. ಹೆಲ್ಮುಟ್ ಹೋಲ್ಜರ್ ಇದನ್ನು ರೂಪಿಸಿದರು. ಅಮೆರಿಕದ ಮಿನಿಟ್‌ಮನ್-1 ಕ್ಷಿಪಣಿಯ ಡಿ-17ಬಿ ಗಣಕವು ಟ್ರಾನ್ಸಿಸ್ಟರ್‌ಗಳಿಂದ ಮಾಡಿದ ಡಿಜಿಟಲ್ ಯಂತ್ರವಾಗಿದ್ದು, ತಿರುಗುವ ಕಾಂತೀಯ ತಟ್ಟೆಯೇ ಅದರ ಸ್ಮೃತಿಯಾಗಿತ್ತು.

ಅಪೊಲೊ ಗಣಕ

ಚಂದ್ರಯಾನಕ್ಕಾಗಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಾಲಯವು ರೂಪಿಸಿದ ಅಪೊಲೊ ಗಣಕವು ಸಂಯೋಜಿತ ಮಂಡಲಗಳನ್ನು ಬಳಸಿದ ಮೊದಲ ಗಣಕಗಳಲ್ಲಿ ಒಂದು. ಅದರ ಸ್ಥಿರ ಸ್ಮೃತಿಯಲ್ಲಿ 36,864 ಪದಗಳಿಗೂ, ಬದಲಾಯಿಸಬಹುದಾದ ಸ್ಮೃತಿಯಲ್ಲಿ ಕೇವಲ 2,048 ಪದಗಳಿಗೂ ಸ್ಥಳವಿತ್ತು. ಸ್ಥಿರ ಸ್ಮೃತಿಯನ್ನು ಕಾರ್ಖಾನೆಯ ಮಹಿಳೆಯರು ತಂತಿಯಿಂದ ಅಕ್ಷರಶಃ ನೇಯುತ್ತಿದ್ದರು: ತಂತಿಯು ಕಾಂತೀಯ ಉಂಗುರದೊಳಗೆ ಹಾದರೆ ಒಂದು, ಹೊರಗೆ ಹಾದರೆ ಸೊನ್ನೆ. ನೇಯ್ದು ಮುಗಿದ ಮೇಲೆ ತಂತ್ರಾಂಶವನ್ನು ತಿದ್ದುವುದು ಬಹು ಕಷ್ಟವಾಗಿತ್ತು. 1969ರ ಜುಲೈ 20ರಂದು ಅಪೊಲೊ 11 ಇಳಿಯುತ್ತಿದ್ದಾಗ ಕೆಲಸದ ಹೊರೆ ಮಿತಿಮೀರಿ 1202 ಎಂಬ ಎಚ್ಚರಿಕೆ ಮೂಡಿತು. ಗಣಕವು ಅಮುಖ್ಯ ಕೆಲಸಗಳನ್ನು ಕೈಬಿಟ್ಟು ಇಳಿಕೆಯ ಲೆಕ್ಕವನ್ನು ಮುಂದುವರಿಸಿತು.

ಭಾರತದಲ್ಲಿ

ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಸ್ರೋದ ಮೊದಲ ಉಪಗ್ರಹ ಉಡಾವಣಾ ವಾಹನ ಎಸ್‌ಎಲ್‌ವಿ-3, 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅದರಲ್ಲಿದ್ದುದು ಓಪನ್ ಲೂಪ್ ಮಾರ್ಗದರ್ಶನ. ಯಾವ ಕ್ಷಣದಲ್ಲಿ ಎಷ್ಟು ಬಾಗಬೇಕು ಎಂಬುದು ಮೊದಲೇ ದಾಖಲಾಗಿರುತ್ತಿತ್ತು. ಪಥ ತಪ್ಪಿದರೆ ಹೊಸ ಪಥವನ್ನು ಲೆಕ್ಕಹಾಕುವ ವ್ಯವಸ್ಥೆ ಇರಲಿಲ್ಲ.

ಹಾರುತ್ತಲೇ ಪಥವನ್ನು ಮರುಲೆಕ್ಕ ಹಾಕುವ ಕ್ಲೋಸ್ಡ್ ಲೂಪ್ ಮಾರ್ಗದರ್ಶನವನ್ನು ಎಎಸ್‌ಎಲ್‌ವಿಯಲ್ಲಿ ಅಳವಡಿಸಲಾಯಿತು. ಆದರೆ ಈ ಗಣಕಕ್ಕೆ ತನ್ನ ಸಾಮರ್ಥ್ಯ ತೋರಿಸುವ ಅವಕಾಶವೇ ಬಹುಕಾಲ ಸಿಗಲಿಲ್ಲ. 1987ರ ಮಾರ್ಚ್ 24ರಂದು ಪಕ್ಕದ ಮೋಟಾರುಗಳು ಉರಿದು ಮುಗಿದರೂ ಮಧ್ಯದ ಮೊದಲ ಹಂತ ಹೊತ್ತಿಕೊಳ್ಳಲಿಲ್ಲ. 1988ರ ಜುಲೈ 13ರಂದು ಅದೇ ಸಂಧಿಕಾಲದಲ್ಲಿ, ಗಾಳಿಯ ಒತ್ತಡ ಅಧಿಕವಾಗಿರುವ ಎತ್ತರದಲ್ಲಿ, ವಾಹನ ಹತೋಟಿ ತಪ್ಪಿ ಮುರಿಯಿತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನವರಾದ ಯು. ಆರ್. ರಾವ್. ತನಿಖೆಯ ಬಳಿಕ ಮಾಡಿದ ಬದಲಾವಣೆಗಳಲ್ಲಿ ಒಂದು ವಿಶೇಷ ಗಮನಾರ್ಹ: ಮೊದಲ ಹಂತವನ್ನು ಗಡಿಯಾರದ ನಿಗದಿತ ಕ್ಷಣಕ್ಕೆ ಹೊತ್ತಿಸುವ ಬದಲು, ಪಕ್ಕದ ಮೋಟಾರುಗಳ ನೂಕುಬಲ ಇಳಿಯುವುದನ್ನು ಗ್ರಹಿಸಿ ವಾಹನವೇ ಆ ನಿರ್ಧಾರ ತೆಗೆದುಕೊಳ್ಳುವಂತೆ ಮಾಡಲಾಯಿತು. 1992ರ ಮೇ 20ರ ಮೂರನೆಯ ಹಾರಾಟವು ಸ್ರಾಸ್-ಸಿ ಉಪಗ್ರಹವನ್ನು ಕಕ್ಷೆಗೆ ಒಯ್ದಿತಾದರೂ ಆ ಕಕ್ಷೆ ಉದ್ದೇಶಿಸಿದ್ದಕ್ಕಿಂತ ಕೆಳಗಿತ್ತು.

1993ರ ಸೆಪ್ಟೆಂಬರ್ 20ರಂದು ಪಿಎಸ್‌ಎಲ್‌ವಿಯ ಮೊದಲ ಹಾರಾಟವೂ ವಿಫಲವಾಯಿತು. ಎರಡನೆಯ ಹಂತ ಬೇರ್ಪಡುವಾಗ ವಾಹನ ಓಲಾಡಿತು. ಅದನ್ನು ಸರಿಪಡಿಸಬೇಕಾಗಿದ್ದ ನಿಯಂತ್ರಣ ತಂತ್ರಾಂಶದಲ್ಲೇ ದೋಷವಿತ್ತು. ಯಂತ್ರಭಾಗಗಳಷ್ಟೇ ಕಟ್ಟುನಿಟ್ಟಾಗಿ ತಂತ್ರಾಂಶವನ್ನೂ ಪರೀಕ್ಷಿಸಬೇಕೆಂಬುದು ದುಬಾರಿಯಾಗಿ ತಿಳಿದುಬಂದ ಸಂದರ್ಭವಿದು. ತಿದ್ದುಪಡಿಗಳ ನಂತರ 1994ರ ಅಕ್ಟೋಬರ್ 15ರಂದು ಪಿಎಸ್‌ಎಲ್‌ವಿ ತನ್ನ ಎರಡನೆಯ ಹಾರಾಟದಲ್ಲಿ ಐಆರ್‌ಎಸ್-ಪಿ2 ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.