ಉಷ್ಣಾಘಾತದಿಂದ ಮುಪ್ಪಿನವರೆಗೆ: ಒಂದು ‘ಆಕಸ್ಮಿಕ’ ಶೋಧನೆಯ ವಿಚಾರ

ವಿಜ್ಞಾನದ ಚರಿತ್ರೆಯನ್ನು ಬರೆಯುವವರಿಗೆ ‘ಆಕಸ್ಮಿಕ’ ಎಂಬ ಮಾತು ಬಹಳ ಪ್ರಿಯವಾದುದು. ಸೇಬು ಬಿದ್ದಿತು, ಬೂಷ್ಟು ಬೆಳೆಯಿತು, ಶೋಧನೆಯಾಯಿತು ಎಂದು ಹೇಳಿಬಿಟ್ಟರೆ ವಿವರಿಸುವ ಶ್ರಮ ತಪ್ಪುತ್ತದೆ. ಜೀವಕೋಶಗಳ ಉಷ್ಣಾಘಾತ ಪ್ರತಿಕ್ರಿಯೆಯ ವಿಷಯದಲ್ಲಿಯೂ ಪಠ್ಯಪುಸ್ತಕಗಳು ಇಂತಹುದೇ ಒಂದು ಕಥೆಯನ್ನು ಹೇಳುತ್ತವೆ. 1960ರ ದಶಕದ ಆರಂಭದಲ್ಲಿ ಇಟಲಿಯ ಒಂದು ಪ್ರಯೋಗಶಾಲೆಯಲ್ಲಿ ಯಾರೋ ಶಾಖಪೆಟ್ಟಿಗೆಯ ಉಷ್ಣತೆಯನ್ನು ಏರಿಸಿದರು. ಅದರೊಳಗಿದ್ದ ಹಣ್ಣುನೊಣದ ಜೀವಕೋಶಗಳನ್ನು ಫೆರುಚ್ಚಿಯೋ ರಿಟೋಸಾ ಎಂಬ ತರುಣ ವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ವರ್ಣತಂತುಗಳ ಮೇಲೆ ಹಿಂದೆ ಕಾಣದಿದ್ದ ಉಬ್ಬುಗಳು ಎದ್ದಿದ್ದವು. ಕಥೆ ಸುಳ್ಳಲ್ಲ, ರಿಟೋಸಾ ಅವರೇ 1996ರಲ್ಲಿ ತಮ್ಮ ನೆನಪುಗಳಲ್ಲಿ ಅದನ್ನು ಬರೆದಿದ್ದಾರೆ. ಆದರೆ ಆ ಉಬ್ಬುಗಳಿಗೆ ಅರ್ಥವಿದೆಯೆಂದು ತಿಳಿಯಲು ಏನೇನು ಮೊದಲೇ ಸಿದ್ಧವಾಗಿತ್ತು, ತಿಳಿದ ಮೇಲೆ ಅವರು ಏನು ಮಾಡಿದರು ಎಂಬುದನ್ನು ಕಥೆ ಬಿಟ್ಟುಬಿಡುತ್ತದೆ. ಪ್ರಸ್ತುತ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಇದನ್ನೇ.

ನಮ್ಮ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಡ್ರೊಸೊಫಿಲ ಮರಿಹುಳುವಿನ ಜೊಲ್ಲುಗ್ರಂಥಿಯನ್ನು ಬಿಡಿಸಿ, ಬಣ್ಣಹಾಕಿ, ಗಾಜಿನ ಫಲಕಗಳ ನಡುವೆ ಒತ್ತಿ ನೋಡುವುದುಂಟು. ಅಲ್ಲಿ ಕಾಣುವ ದೈತ್ಯ ವರ್ಣತಂತುಗಳಲ್ಲಿ ನೂರಾರು ಎಳೆಗಳು ಮಗ್ಗುಲಿಗೆ ಮಗ್ಗುಲು ಕೂಡಿಕೊಂಡಿರುವುದರಿಂದ ಅಡ್ಡಪಟ್ಟೆಗಳು ಸ್ಫುಟವಾಗಿ ತೋರುತ್ತವೆ. ಇವನ್ನು ಮೊದಲು ವರ್ಣಿಸಿದವನು ಬಾಲ್ಬಿಯಾನಿ, 1881ರಲ್ಲಿ. ಅರ್ಧ ಶತಮಾನ ಅವು ಕುತೂಹಲದ ವಸ್ತುವಾಗಿಯೇ ಉಳಿದವು. 1933ರಲ್ಲಿ ಪೇಂಟರ್ ಮತ್ತು, ಅವನಿಂದ ಸ್ವತಂತ್ರವಾಗಿ, ಹೈಟ್ಸ್ ಹಾಗೂ ಬೌವರ್ ಅವರು ಅವುಗಳ ಮಹತ್ವವನ್ನು ತೋರಿಸಿದ ಮೇಲೆ, ಪಟ್ಟೆಗಳು ವಂಶವಾಹಿಗಳ ಭೂಪಟದಂತೆ ಉಪಯೋಗಕ್ಕೆ ಬಂದವು. 1952ರಲ್ಲಿ ಬೇರ್‌ಮಾನ್ ಅವರು, ಪಟ್ಟೆಗಳ ನಡುವಿನ ಉಬ್ಬುಗಳು ಅಂಗಾಂಶದಿಂದ ಅಂಗಾಂಶಕ್ಕೆ ಬೇರೆಯಾಗುತ್ತವೆಂದು ತೋರಿಸಿದರು. 1960ರಲ್ಲಿ ಕ್ಲೆವರ್ ಮತ್ತು ಕಾರ್ಲ್‌ಸನ್ ಅವರು ಪೊರೆ ಕಳಚುವ ಹಾರ್ಮೋನಾದ ಎಕ್ಡೈಸೋನನ್ನು ಮರಿಹುಳುವಿಗೆ ಚುಚ್ಚಿ, ನಿರ್ದಿಷ್ಟ ಸ್ಥಳಗಳಲ್ಲಿ ಉಬ್ಬುಗಳನ್ನು ಎಬ್ಬಿಸಿದರು. ಉಬ್ಬೆಂದರೆ ದುಡಿಯುತ್ತಿರುವ ವಂಶವಾಹಿ ಎಂಬ ಭಾವನೆ ಆಗ ಹೊಸದಾಗಿ ಬೇರೂರುತ್ತಿತ್ತು. ಶಾಖಪೆಟ್ಟಿಗೆಯ ಪ್ರಸಂಗ ಇಪ್ಪತ್ತು ವರ್ಷ ಮೊದಲು ನಡೆದಿದ್ದರೆ, ಕೆಟ್ಟುಹೋದ ಮಾದರಿಯೆಂದು ಅದನ್ನು ಎಸೆಯುತ್ತಿದ್ದರೆಂದೇ ನಮಗೆ ತೋರುತ್ತದೆ.

ರಿಟೋಸಾ ಎಸೆಯಲಿಲ್ಲ. ಅವರು ಉಷ್ಣತೆಯನ್ನು ಉದ್ದೇಶಪೂರ್ವಕವಾಗಿ ಏರಿಸಿ ನೋಡಿದರು. ಅವೇ ಉಬ್ಬುಗಳು ಕೆಲವೇ ನಿಮಿಷಗಳಲ್ಲಿ ಮತ್ತೆ ಎದ್ದವು. ಹೊಸದಾಗಿ ಆರ್.ಎನ್.ಎ. ತಯಾರಾಗುತ್ತಿರುವುದೂ ಅಲ್ಲಿ ಕಂಡಿತು. ಇಲ್ಲಿಗೆ ನಿಂತಿದ್ದರೆ ಇದು ಬಿಸಿಯ ಒಂದು ವಿಚಿತ್ರ ಪರಿಣಾಮವೆಂದು ಉಳಿಯುತ್ತಿತ್ತು. ಅವರ ನಿಜವಾದ ಹೆಜ್ಜೆ ಮುಂದಿನದು. ಉಸಿರಾಟದಿಂದ ದೊರೆಯುವ ಶಕ್ತಿಯನ್ನು ಜೀವಕೋಶ ಕೂಡಿಡದಂತೆ ಮಾಡುವ ಡೈನೈಟ್ರೊಫೀನಾಲನ್ನು ಅವರು, ಬಿಸಿಯೇನೂ ಇಲ್ಲದೆ, ಗ್ರಂಥಿಗಳಿಗೆ ಕೊಟ್ಟರು. ಸೋಡಿಯಂ ಸ್ಯಾಲಿಸಿಲೇಟನ್ನೂ ಕೊಟ್ಟರು. ಅವೇ ಉಬ್ಬುಗಳು ಎದ್ದವು. ಎಂದರೆ, ವಂಶವಾಹಿಗಳು ಉತ್ತರಕೊಡುತ್ತಿದ್ದುದು ಬಿಸಿಗಲ್ಲ, ಜೀವಕೋಶದ ಸಂಕಟಕ್ಕೆ. ಈ ಪ್ರಯೋಗದಲ್ಲಿ ಆಕಸ್ಮಿಕವೆಂಬುದು ಯಾವುದೂ ಇಲ್ಲ. ಆದರೂ ಒಂದು ಪ್ರತಿಷ್ಠಿತ ಪತ್ರಿಕೆಯ ಸಂಪಾದಕರು, ಇದಕ್ಕೆ ಜೀವಶಾಸ್ತ್ರದಲ್ಲಿ ಯಾವ ಪ್ರಸ್ತುತತೆಯೂ ಕಾಣದೆಂದು ಲೇಖನವನ್ನು ಹಿಂದಿರುಗಿಸಿದರು. 1962ರಲ್ಲಿ ಅದು ‘ಎಕ್ಸ್‌ಪೀರಿಯೆನ್ಷಿಯ’ ಪತ್ರಿಕೆಯ ಮೂರು ಪುಟಗಳಲ್ಲಿ ಅಚ್ಚಾಯಿತು. ಆ ಸಂಪಾದಕರನ್ನು ಹಳಿಯುವುದು ಸುಲಭ. ನೊಣದ ಜೊಲ್ಲುಗ್ರಂಥಿಯ ಹೊರಗೆ ಇಂತಹುದು ಎಲ್ಲಿಯೂ ಕಂಡಿರದಿದ್ದ ಕಾಲದಲ್ಲಿ ನಾವೇ ಆ ಪೀಠದಲ್ಲಿದ್ದರೆ ಏನು ಬರೆಯುತ್ತಿದ್ದೆವೋ ಹೇಳಲಾರೆವು.

ಮುಂದಿನ ಹನ್ನೆರಡು ವರ್ಷಗಳಲ್ಲಿ ಈ ವಿಷಯ ಉಬ್ಬುಗಳನ್ನು ಅಭ್ಯಾಸಮಾಡುವ ಕೆಲವರ ಬಳಿಯಲ್ಲಿಯೇ ಇತ್ತು. ಆ ಕೆಲವರಲ್ಲಿ ಕಲ್ಕತ್ತೆಯವರೂ ಇದ್ದರೆಂಬುದನ್ನು ನಾವು ಸಂತೋಷದಿಂದ ಸ್ಮರಿಸುತ್ತೇವೆ. 1970ರಲ್ಲಿ ಎಸ್. ಸಿ. ಲಖೋಟಿಯಾ ಮತ್ತು ಎ. ಎಸ್. ಮುಖರ್ಜಿ ಅವರು, ಬೆಂಜಮೈಡ್ ಎಂಬ ರಾಸಾಯನಿಕ 93-ಡಿ ಎಂಬ ಒಂದೇ ಉಬ್ಬನ್ನು ಎಬ್ಬಿಸುತ್ತದೆಂದು ಕಂಡುಕೊಂಡರು. ಉಷ್ಣಾಘಾತದಲ್ಲಿಯೂ ಏಳುವ ಈ ಉಬ್ಬು ತನ್ನ ಗುಂಪಿಗೆ ಸೇರದ ಗುಣವುಳ್ಳದ್ದು: ಅಲ್ಲಿ ಆರ್.ಎನ್.ಎ. ಹೇರಳವಾಗಿ ತಯಾರಾಗುತ್ತದೆ, ಆದರೆ ಅದು ಪ್ರೋಟೀನಿನ ಸಂಕೇತವನ್ನು ಹೊರುವುದಿಲ್ಲ. ಆರ್.ಎನ್.ಎ.ಗೆ ಅದಲ್ಲದೆಯೂ ಕೆಲಸಗಳುಂಟೆಂಬುದು ಸರ್ವಸಮ್ಮತವಾಗುವ ಬಹುಕಾಲ ಮೊದಲೇ ಲಖೋಟಿಯಾ ಅವರು ಕಾಶಿಯಲ್ಲಿ ಆ ಅಭ್ಯಾಸವನ್ನು ಮುಂದುವರಿಸಿದ್ದರು.

ಉಳಿದ ಉಬ್ಬುಗಳ ಗುಟ್ಟು ಹೊರಬಿದ್ದುದು 1974ರಲ್ಲಿ. ಆಲ್ಫ್ರೆಡ್ ಟಿಸಿಯೇರ್, ಹರ್ಷಲ್ ಮಿಚೆಲ್ ಮತ್ತು ಅರ್ಸುಲಾ ಟ್ರೇಸಿ ಅವರು ಕ್ಯಾಲಿಫೋರ್ನಿಯಾದಲ್ಲಿ, ಬಿಸಿತಾಗಿದ ಗ್ರಂಥಿಗಳು ಕೆಲವು ಹೊಸ ಪ್ರೋಟೀನುಗಳನ್ನು ವಿಶೇಷವಾಗಿ ತಯಾರಿಸುತ್ತವೆಂದು ತೋರಿಸಿದರು. 1978ರ ಹೊತ್ತಿಗೆ ಕೋಳಿಯ ಜೀವಕೋಶಗಳಲ್ಲಿ, ಬ್ಯಾಕ್ಟೀರಿಯಗಳಲ್ಲಿ ಇಂತಹವೇ ಕಂಡವು. ಎಂಭತ್ತರ ದಶಕದಲ್ಲಿ ಇವುಗಳಲ್ಲಿ ಮುಖ್ಯವಾದ ಹೆಚ್.ಎಸ್.ಪಿ. 70ರ ಅಮೈನೊ ಆಮ್ಲಗಳ ಸರಣಿಯನ್ನು ಹೋಲಿಸಿದಾಗ, ಬ್ಯಾಕ್ಟೀರಿಯಕ್ಕೂ ನೊಣಕ್ಕೂ ಸುಮಾರು ಅರ್ಧದಷ್ಟು ಹೊಂದಿಕೆ ದೊರೆಯಿತು. ಯಾವ ಪ್ರಸ್ತುತತೆಯೂ ಇಲ್ಲವೆನಿಸಿಕೊಂಡಿದ್ದುದು ಜೀವಲೋಕದ ಅತ್ಯಂತ ಹಳೆಯ ಏರ್ಪಾಡುಗಳಲ್ಲಿ ಒಂದಾಗಿ ಪರಿಣಮಿಸಿತು.

ಈ ಪ್ರೋಟೀನುಗಳ ಕೆಲಸವೇನು? ಪ್ರೋಟೀನೆಂಬುದು ಉದ್ದನೆಯ ಸರಪಳಿ. ಸರಿಯಾಗಿ ಮಡಿಸಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ. ಬಿಸಿಗೆ ಮಡಿಕೆ ಬಿಚ್ಚಿದರೆ, ಬೆಂದ ಮೊಟ್ಟೆಯ ಬಿಳಿಭಾಗದಂತೆ ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಉಷ್ಣಾಘಾತದ ಪ್ರೋಟೀನುಗಳು ಬಿಚ್ಚಿದ ಭಾಗಗಳನ್ನು ಹಿಡಿದು, ಅಂಟದಂತೆ ಕಾದು, ಮತ್ತೆ ಮಡಿಸಿಕೊಳ್ಳಲು ಅವಕಾಶಕೊಡುತ್ತವೆ. ಇಂತಹ ಅಣುವಿಗೆ ‘ಶಾಪರೋನ್’ ಎಂಬ ಹೆಸರನ್ನು 1978ರಲ್ಲಿ ಲ್ಯಾಸ್ಕಿ ಮತ್ತು ಸಂಗಡಿಗರು ಬೇರೊಂದು ಸಂದರ್ಭದಲ್ಲಿ ಬಳಸಿದ್ದರು. 1987ರಲ್ಲಿ ಎಲ್ಲಿಸ್ ಅದನ್ನು ವಿಸ್ತರಿಸಿದರು. ತರುಣಿಯರು ಅನುಚಿತವಾದ ಸ್ನೇಹಕ್ಕೆ ಬೀಳದಂತೆ ಜೊತೆಗಿರುತ್ತಿದ್ದ ಹಿರಿಯಳೆಂಬುದು ಆ ಮಾತಿನ ಮೂಲಾರ್ಥ. ಕನ್ನಡದಲ್ಲಿ ‘ಬೆಂಗಾವಲು’ ಎಂದರೆ ಕೆಲಸ ಸಾಗುತ್ತದೆ, ಹಾಸ್ಯ ಉಳಿಯುವುದಿಲ್ಲ.

ಇನ್ನು ವಂಶವಾಹಿಗಳ ನಿಯಂತ್ರಣ. ಹೆಚ್.ಎಸ್.ಎಫ್. ಎಂಬ ಪ್ರೋಟೀನು ಈ ವಂಶವಾಹಿಗಳ ಬೀಗದ ಕೈಯಿದ್ದಂತೆ. ನೆಮ್ಮದಿಯ ಕಾಲದಲ್ಲಿ ಬೆಂಗಾವಲು ಅಣುಗಳೇ ಅದನ್ನು ಹಿಡಿದಿಡುತ್ತವೆ. ಬಿಚ್ಚಿದ ಪ್ರೋಟೀನುಗಳು ಹೆಚ್ಚಿದಾಗ ಬೆಂಗಾವಲು ಅತ್ತ ಹೋಗುತ್ತದೆ, ಬಿಡುಗಡೆಯಾದ ಹೆಚ್.ಎಸ್.ಎಫ್. ಮೂರು ಮೂರಾಗಿ ಕೂಡಿ, ಪೆಲ್ಹಾಮ್ 1982ರಲ್ಲಿ ಗುರುತಿಸಿದ ನಿಯಂತ್ರಕ ಸರಣಿಗೆ ಅಂಟಿಕೊಳ್ಳುತ್ತದೆ. ರಿಟೋಸಾ ಕಂಡ ವೇಗಕ್ಕೂ ಕಾರಣ ದೊರೆತಿದೆ. ಆರ್.ಎನ್.ಎ. ತಯಾರಿಸುವ ಕಿಣ್ವ ಹೆಚ್.ಎಸ್.ಪಿ. 70ರ ವಂಶವಾಹಿಯ ಆರಂಭದಲ್ಲಿ ಮೊದಲೇ ಬಂದು ಕೆಲವು ಅಕ್ಷರಗಳಷ್ಟು ಬರೆದು ತಡೆದು ನಿಂತಿರುತ್ತದೆಂದು ಜಾನ್ ಲಿಸ್ ಮತ್ತು ಸಂಗಡಿಗರು ಎಂಭತ್ತರ ದಶಕದಲ್ಲಿ ತೋರಿಸಿದರು. ಅಪ್ಪಣೆಯಾದೊಡನೆ ಹೊರಡುವುದಷ್ಟೇ ಬಾಕಿ.

ಮುಪ್ಪಿನ ಸಂಬಂಧ ಬಂದುದು ಬೇರೆ ದಾರಿಯಿಂದ, ಒಂದು ಮಿಲಿಮೀಟರ್ ಉದ್ದದ, ಎರಡು ಮೂರು ವಾರ ಮಾತ್ರ ಬದುಕುವ ಸಿ. ಎಲೆಗಾನ್ಸ್ ಎಂಬ ಹುಳುವಿನಿಂದ. ಡ್ಯಾಫ್-2 ಎಂಬ ಒಂದು ವಂಶವಾಹಿಯಲ್ಲಿ ದೋಷವಿರುವ ಹುಳುಗಳು ಇಮ್ಮಡಿಗೂ ಹೆಚ್ಚು ಬದುಕುತ್ತವೆಂದು 1993ರಲ್ಲಿ ಸಿಂಥಿಯಾ ಕೆನ್ಯನ್ ಮತ್ತು ಸಂಗಡಿಗರು ತೋರಿಸಿದರು. 1995ರಲ್ಲಿ ಲಿತ್ಗೋ ಮತ್ತು ಸಂಗಡಿಗರು, ಹುಳುಗಳಿಗೆ ಸ್ವಲ್ಪಕಾಲ ಬಿಸಿ ತಾಗಿಸಿದರೂ ಆಯುಸ್ಸು ಬೆಳೆಯುತ್ತದೆಂದು ಕಂಡರು. ಕೆನ್ಯನ್ ಅವರ ಪ್ರಯೋಗಶಾಲೆ 2003ರಲ್ಲಿಯೂ, ಷಿಕಾಗೋ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರಿಚರ್ಡ್ ಮೊರಿಮೊಟೊ ಅವರ ಪ್ರಯೋಗಶಾಲೆ 2004ರಲ್ಲಿಯೂ ಪ್ರಕಟಿಸಿದ ಲೇಖನಗಳಿಂದ, ಹೆಚ್.ಎಸ್.ಎಫ್. ಕುಗ್ಗಿದರೆ ಆ ದೀರ್ಘಾಯುಷ್ಯ ನಿಲ್ಲದೆಂದು ತಿಳಿದುಬಂದಿತು.

ಇದಕ್ಕಿಂತ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದುದು ಮೊರಿಮೊಟೊ ಅವರು ಲಬ್ಬಾಡಿಯಾ ಅವರೊಡನೆ 2015ರಲ್ಲಿ ಪ್ರಕಟಿಸಿದ ಫಲಿತಾಂಶ. ಉಷ್ಣಾಘಾತ ಪ್ರತಿಕ್ರಿಯೆ ವಯಸ್ಸಿನೊಡನೆ ನಿಧಾನವಾಗಿ ಸವೆಯುತ್ತದೆಂದು ಯಾರಾದರೂ ಊಹಿಸಿಯಾರು. ಹುಳುವಿನಲ್ಲಿ ಹಾಗಲ್ಲ: ಪ್ರೌಢಾವಸ್ಥೆಗೆ ಬಂದು ಸಂತಾನೋತ್ಪತ್ತಿ ಆರಂಭವಾದ ಕೆಲವೇ ಗಂಟೆಗಳಲ್ಲಿ ಅದು ಥಟ್ಟನೆ ಕುಸಿಯುತ್ತದೆ. ಸಂತಾನಕೋಶಗಳಿಂದ ಬರುವ ಸೂಚನೆಯಂತೆ, ದೇಹದ ಉಳಿದ ಜೀವಕೋಶಗಳಲ್ಲಿ ಈ ವಂಶವಾಹಿಗಳ ಸುತ್ತ ರಾಸಾಯನಿಕ ಗುರುತುಗಳು ಬಿದ್ದು ದಾರಿ ಮುಚ್ಚುತ್ತದೆ. ಸಂತಾನಕೋಶಗಳನ್ನು ಇಲ್ಲವಾಗಿಸಿದರೆ ಪ್ರತಿಕ್ರಿಯೆ ಉಳಿಯುತ್ತದೆ. ಹುಳುವಿನ ಮಾತನ್ನು ಮನುಷ್ಯನಿಗೆ ಹೊಂದಿಸುವಲ್ಲಿ ಅವಸರ ಸಲ್ಲದು. ಹೆಚ್.ಎಸ್.ಎಫ್. 1 ಇಲ್ಲದ ಇಲಿಗಳಲ್ಲಿ ಕ್ಯಾನ್ಸರ್ ಗಡ್ಡೆಗಳು ಸುಲಭವಾಗಿ ಏಳುವುದಿಲ್ಲವೆಂದು ಸೂಸನ್ ಲಿಂಡ್‌ಕ್ವಿಸ್ಟ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದ್ದರು. ಸಂಕಟದಲ್ಲಿರುವ ಜೀವಕೋಶವನ್ನು ಬದುಕಿಸುವ ಏರ್ಪಾಡು ಗಡ್ಡೆಯ ಜೀವಕೋಶವನ್ನೂ ಹಾಗೆಯೇ ಬದುಕಿಸುತ್ತದೆ.