ರಬಕವಿ ಸೀಮೆಯ ಬಚ್ಚಲ ನೀರು

ಕೃಷ್ಣೆಯ ಬಲದಂಡೆಗೆ ಹತ್ತಿರವಿರುವ ರಬಕವಿ, ಬನಹಟ್ಟಿ ನೇಕಾರರ ಊರುಗಳು. ಸಂಸ್ಥಾನಗಳ ಕಾಲದಲ್ಲಿ ರಬಕವಿ ಸಾಂಗಲಿಗೆ, ಬನಹಟ್ಟಿ ಜಮಖಂಡಿಗೆ ಸೇರಿತ್ತು. ಎರಡನ್ನೂ ಆಳಿದ್ದು ಪಟವರ್ಧನ ಮನೆತನ. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ನಲ್ಲಿ ಬರುವ ಮೊದಲು ಇಲ್ಲಿಯ ಮನೆಗಳಿಗೆ ನೀರು ಬಾವಿಯಿಂದಲೋ ಹೊಳೆಯಿಂದಲೋ ಕೊಡದಲ್ಲಿ ಬರುತ್ತಿತ್ತು. ಹೊತ್ತು ತಂದ ನೀರನ್ನು ಯಾರೂ ಒಂದೇ ಸಲ ಬಳಸಿ ಚೆಲ್ಲುತ್ತಿರಲಿಲ್ಲ. ಅಕ್ಕಿ, ಬೇಳೆ ತೊಳೆದ ನೀರು ಮತ್ತು ಮುಸುರಿ ನೀರು ಎಮ್ಮೆಯ ಬಾನಿಗೆ ಹೋಗುತ್ತಿದ್ದವು. ಬಚ್ಚಲ ನೀರು ಹಿತ್ತಲ ಬಾಳೆಗೆ, ಕರಿಬೇವಿಗೆ, ತೊಂಡೆ ಬಳ್ಳಿಗೆ ಹರಿಯುತ್ತಿತ್ತು.

ಆ ನೀರಿನಲ್ಲಿ ಏನಿರುತ್ತಿತ್ತು ಎಂಬುದೂ ಅಷ್ಟೇ ಮುಖ್ಯ. ಪಾತ್ರೆ ತಿಕ್ಕಲು ಒಲೆಯ ಬೂದಿ, ತಲೆಗೆ ಸೀಗೆಕಾಯಿ, ರೇಷ್ಮೆ ಬಟ್ಟೆಗೆ ಅಂಟುವಾಳ. ಬೂದಿಯ ಪೊಟ್ಯಾಷ್ ಗಿಡಕ್ಕೆ ಗೊಬ್ಬರವಾಗುತ್ತಿತ್ತು. ಮಡಿವಾಳರು ಬಟ್ಟೆ ಬೇಯಿಸುವ ಉಬ್ಬೆಗೆ ಬಳಸುತ್ತಿದ್ದ ಸವಳು ಮಣ್ಣಿನಲ್ಲಿ ಮಾತ್ರ ಮಣ್ಣನ್ನು ಕೆಡಿಸುವ ಸೋಡಿಯಂ ಇತ್ತು. ಆದರೆ ಒಗೆಯುವ ಕೆಲಸ ನಡೆಯುತ್ತಿದ್ದುದು ನೀರಿನ ದಂಡೆಯಲ್ಲಿ. ಹೀಗಾಗಿ ಆ ಸೋಡಿಯಂ ಹಿತ್ತಲಿನ ಮಣ್ಣಿಗೆ ಸೇರುತ್ತಿರಲಿಲ್ಲ. ಬಣ್ಣದ ಕೆಲಸದಲ್ಲೂ ಮಿತವ್ಯಯವಿತ್ತು. ನೀಲಿ ಅದ್ದುವ ಹರವಿಯಲ್ಲಿ ಹುದುಗು ಬಂದ ನೀರನ್ನು ಚೆಲ್ಲದೆ, ಮತ್ತೆ ನೀಲಿ, ಸುಣ್ಣ ಕೂಡಿಸುತ್ತ ಬಹುಕಾಲ ಉಳಿಸಿಕೊಳ್ಳುವುದು ಹಳೆಯ ನೀಲಿಗಾರಿಕೆಯ ಪದ್ಧತಿ. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದ ಮೇಲೆ ಭಾರತದಲ್ಲಿ ಗಿಡದ ನೀಲಿ ಬೇಗ ಹಿಂದೆ ಸರಿಯಿತು.

ಈ ಸೀಮೆಯ ಕೊಳೆ ನೀರಿನ ಕಥೆಯನ್ನು ನಿರ್ಧರಿಸುವುದು ಎರಿ ಮಣ್ಣು, ಅಂದರೆ ಕಪ್ಪು ಜೇಡಿಮಣ್ಣು. ಬೇಸಿಗೆಯಲ್ಲಿ ಬಿರಿದ ಎರಿ ನೆಲ ಸುರಿದ ನೀರನ್ನು ಬಿರುಕಿನೊಳಗೆ ಎಳೆದುಕೊಳ್ಳುತ್ತದೆ. ನೆನೆದ ಕೂಡಲೇ ಅದರ ಜೇಡಿ ಉಬ್ಬುತ್ತದೆ, ಬಿರುಕು ಮುಚ್ಚುತ್ತದೆ, ಆಮೇಲೆ ನೀರು ಇಂಗುವುದು ತೀರ ನಿಧಾನ. ಒಂದೇ ಕಡೆ ಆಳದ ಗುಂಡಿ ತೋಡಿ ನೀರು ಬಿಟ್ಟರೆ ಅದು ಹೊಂಡವಾಗುತ್ತದೆ. ಅಗಲವಾಗಿ, ತೆಳ್ಳಗೆ, ಬೇರುಗಳಿರುವ ಕಡೆ ಹರಡಿದರೆ ಗಿಡ ಕುಡಿಯುತ್ತದೆ, ಬಿಸಿಲು ಒಣಗಿಸುತ್ತದೆ. ಹಿತ್ತಲಿನ ಪದ್ಧತಿ ಈ ಮಣ್ಣಿಗೆ ಒಪ್ಪುವಂಥದು. ಅದನ್ನು ಬಡತನದ ಅನಿವಾರ್ಯ ಎಂದು ಮಾತ್ರ ನೋಡುವುದು ಸರಿಯಲ್ಲ.

ಮನೆ ಬಿಟ್ಟು ಹೊರಟಾಗಲೂ ಇದೇ ಕ್ರಮ ಸಾಗುತ್ತಿತ್ತು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಉತ್ತರ ಕರ್ನಾಟಕದ ಕುಟುಂಬಗಳು ಚಕ್ಕಡಿ ಕಟ್ಟಿಕೊಂಡು ಹೋಗುವ ವಾಡಿಕೆ ಇಂದಿಗೂ ನಿಂತಿಲ್ಲ. ಮೇಲೆ ಕಮಾನು ಕಟ್ಟಿದ ಬಂಡಿಯೇ ಅಷ್ಟು ದಿನದ ಮನೆ: ಅದರಲ್ಲೇ ಹಿಟ್ಟು, ಬುತ್ತಿ, ಹಾಸಿಗೆ, ಎತ್ತಿನ ಮೇವು. ಬೀಡು ಬಿಟ್ಟಲ್ಲಿ ಮೂರು ಕಲ್ಲಿನ ಒಲೆ. ಮುಸುರಿ ನೀರು ಎತ್ತಿಗೆ, ಮಿಕ್ಕದ್ದು ಹೊಲದ ಬದುವಿಗೆ. ಹರಿಯುವ ಹಳ್ಳದಲ್ಲಿ ಕುಡಿಯುವ ನೀರನ್ನು ಮೇಲಿನಿಂದ ತುಂಬಿಕೊಳ್ಳುವುದು, ದನ ತೊಳೆಯುವುದು ಕೆಳಗೆ. ಒಂದೆರಡು ಬಂಡಿಗಳಿಗೆ ಇದು ಸಾಕಾಗುತ್ತಿತ್ತು. ಲಕ್ಷಗಟ್ಟಲೆ ಜನ ಒಂದೇ ಗುಡ್ಡದಲ್ಲಿ ಕೂಡಿದಾಗ ಇದೇ ಪದ್ಧತಿ ಸೋಲುತ್ತದೆ. ದೊಡ್ಡ ಜಾತ್ರೆಗಳಲ್ಲಿ ಕಾಲರಾ ಹಬ್ಬುವ ಭಯ ಬ್ರಿಟಿಷ್ ಆಡಳಿತವನ್ನು ಸದಾ ಕಾಡಿದ್ದು ಈ ಕಾರಣಕ್ಕೇ.

ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಲೆಕ್ಕವೆಲ್ಲ ಬದಲಾಯಿತು. ನಲ್ಲಿ ಮನೆಯೊಳಗೆ ಬಂದು ನೀರಿನ ಬಳಕೆ ಹಲವು ಪಟ್ಟು ಏರಿತು. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದವು. ಡಿಟರ್ಜೆಂಟಿನ ಸೋಡಿಯಂ ಎರಿ ಮಣ್ಣಿನ ಕಣಗಳನ್ನು ಬಿಡಿಸಿ, ಮೊದಲೇ ನಿಧಾನವಾಗಿದ್ದ ಇಂಗುವಿಕೆಯನ್ನು ಇನ್ನಷ್ಟು ತಡೆಯುತ್ತದೆ. ಹಿತ್ತಲುಗಳು ಕಿರಿದಾದವು, ದನ ಕಡಿಮೆಯಾದವು, ನೀರು ಓಣಿಯ ಗಟಾರಕ್ಕೆ ಇಳಿಯಿತು. ನಿಂತ ಕೊಳೆ ನೀರಿನಲ್ಲೇ ಕ್ಯುಲೆಕ್ಸ್ ಸೊಳ್ಳೆ ಮೊಟ್ಟೆ ಇಡುತ್ತದೆ. ಆನೆಕಾಲು ರೋಗವನ್ನು ಹರಡುವುದು ಅದೇ. ಈ ಊರುಗಳಿರುವ ಬಾಗಲಕೋಟೆ ಜಿಲ್ಲೆ ಆ ರೋಗದ ನೆಲೆಗಳಲ್ಲೊಂದು. ಗಟಾರದ ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಇಲ್ಲಿ ಜನರ ಕಾಲಿನ ಪ್ರಶ್ನೆ.

ಇತ್ತೀಚೆಗೆ ಹಳ್ಳಿಗಳಲ್ಲಿ ಬಚ್ಚಲು ಗುಂಡಿಗಳು ಬಂದಿವೆ. ಉದ್ಯೋಗ ಖಾತರಿಯ ಹಣದಲ್ಲಿ ಕಲ್ಲು, ಜಲ್ಲಿ ತುಂಬಿ ಇವನ್ನು ಕಟ್ಟಲಾಗುತ್ತದೆ. 2020ರಲ್ಲಿ ಆರಂಭವಾದ ಸ್ವಚ್ಛ ಭಾರತದ ಎರಡನೆಯ ಹಂತವೂ ಬೂದು ನೀರಿನ, ಅಂದರೆ ಬಚ್ಚಲು ಮತ್ತು ಅಡುಗೆಮನೆಯ ಕೊಳೆ ನೀರಿನ, ನಿರ್ವಹಣೆಯನ್ನು ತನ್ನ ಗುರಿಗಳಲ್ಲಿ ಸೇರಿಸಿದೆ. ಕೆಂಪು ಮಸಾರಿ ನೆಲದಲ್ಲಿ ಇಂಥ ಗುಂಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಎರಿ ನೆಲದಲ್ಲಿ ಅದಕ್ಕೆ ಬಾಳೆ, ಕೆಸುವಿನ ಪಾತಿ ಜೋಡಿಸುವುದು ಒಳ್ಳೆಯದು. ಜಿಡ್ಡು, ಅನ್ನದ ಅಗುಳು ಸೇರದಂತೆ ಮುಂದೆ ಒಂದು ಜಾಲರಿಯೂ ಬೇಕು.

ಚಕ್ಕಡಿಯ ಜಾಗದಲ್ಲಿ ಮೋಟಾರು ಕ್ಯಾರವಾನ್ ಬಂದರೂ ಈ ಮಣ್ಣು ಬದಲಾಗಿಲ್ಲ. ಅಂಥ ವಾಹನದಲ್ಲಿ ಸಿಂಕ್ ಮತ್ತು ಸ್ನಾನದ ನೀರಿಗೆ ಒಂದು ಟ್ಯಾಂಕು, ಶೌಚಕ್ಕೆ ಬೇರೆ ಟ್ಯಾಂಕು ಇರುತ್ತದೆ. ಅಮೆರಿಕದ ಶಿಬಿರವಾಸಿಗಳಲ್ಲಿ ಬಳಕೆಯಲ್ಲಿರುವ ನಿಯಮ ಪಾತ್ರೆ ತೊಳೆದ ನೀರನ್ನು ಸೋಸಿ, ಹೊಳೆ ಕೆರೆಗಳಿಂದ ಸುಮಾರು 60 ಮೀಟರ್ ದೂರದಲ್ಲಿ ಹರಡಬೇಕೆನ್ನುತ್ತದೆ. ಅದು ಬಕೆಟ್ಟಿನಷ್ಟು ನೀರಿಗೆ ಹೊಂದುವ ನಿಯಮ, ತುಂಬಿದ ಟ್ಯಾಂಕಿಗಲ್ಲ. ಕೃಷ್ಣೆಯ ದಂಡೆಯಲ್ಲಿ ಮಳೆಗಾಲದಲ್ಲಿ ಅಷ್ಟು ದೂರವೂ ಸಾಲದು, ಏಕೆಂದರೆ ನೆನೆದ ಎರಿ ನೆಲ ಹೀರುವುದಿಲ್ಲ, ಮೇಲೆ ಚೆಲ್ಲಿದ್ದು ಹಳ್ಳಕ್ಕೇ ಜಾರುತ್ತದೆ. ಆಗ ಟ್ಯಾಂಕಿನಲ್ಲಿ ಹೊತ್ತೊಯ್ದು ಶುದ್ಧೀಕರಣ ಘಟಕಕ್ಕೆ ಸೇರುವ ಒಳಚರಂಡಿಗೆ ಬಿಡಬೇಕು.